ಅಜಾನಫಲ ಮತ್ತು ಒಂದು ಬಸಿ ಚಹಾ

ನಮ್ಮ ಮದುವೆಯಲ್ಲಿ ಸೋದರಮಾವ ಕೊಟ್ಟ ಚಹಾದ ಜೋಡಿಯಲ್ಲಿ ಎರಡು ಕಪ್ಪು, ಅವುಗಳ ಕೆಳಗಿಡುವ ಎರಡು ಬಸಿ ಇದ್ದವು. ಸಂಸಾರ ಶುರುವಾದ ಮೊದಲ ವರ್ಷವೇ ತೊಳೆಯುವ ಕಲ್ಲಿನ ಮೇಲೆ ಒಂದು ಕಪ್ಪೂ ಒಂದು ಬಸಿಯೂ ಒಟ್ಟಿಗೆ ಪ್ರಾಣಬಿಟ್ಟವು. ಉಳಿದ ಕಪ್ಪೂ ಉಳಿದ ಬಸಿಯೂ ನಲವತ್ತು ವರ್ಷಗಳಿಂದ ನಮ್ಮಿಬ್ಬರ ಬೆಳಗನ್ನು ಹಂಚಿಕೊಂಡು ಬಂದಿವೆ. ಹೆಂಡತಿ ಸುನಂದಾ ಚಹಾ ಸೋಸಿ ಕಪ್ಪನ್ನು ನನ್ನ ಮುಂದೆ ಇಡುತ್ತಾಳೆ. ನಾನು ಅದರಿಂದ ಒಂದಿಷ್ಟು ಬಸಿಗೆ ಸುರಿದು ಅವಳ ಕಡೆ ಸರಿಸುತ್ತೇನೆ. ಕಪ್ಪಿನ ವಿಷಯ ಕೇಳಿ, ಕಣ್ಣು ಮುಚ್ಚಿ ವರ್ಣಿಸುತ್ತೇನೆ: ನೀಲಿ ಬಳ್ಳಿ, ಬಳ್ಳಿಯಲ್ಲಿ ಏಳು ಹೂವು, ಹಿಡಿಕೆಯ ಹತ್ತಿರದ ಎಂಟನೆಯದು ನನ್ನ ಹೆಬ್ಬೆರಳು ತಾಗಿ ತಾಗಿ ಅಳಿಸಿಹೋಗಿದೆ. ಬಸಿಯ ವಿಷಯ ಮಾತ್ರ ಕೇಳಬೇಡಿ. ಅದು ದುಂಡಗಿದೆ ಎಂಬುದರಾಚೆಗೆ ಮೊನ್ನೆ ಮೊನ್ನೆಯವರೆಗೆ ನನಗೆ ಏನೂ ಗೊತ್ತಿರಲಿಲ್ಲ.

ಮಹಾರಾಷ್ಟ್ರದ ಗಡಿಯೊಳಗಿನ ಇಚಲಕರಂಜಿಯ ಶಹಾಪುರದಲ್ಲಿ ಎಂಟು ಮಗ್ಗಗಳ ಷೆಡ್ಡನ್ನು ಮೂವತ್ತು ವರ್ಷ ನಡೆಸಿ, ಈಗ ಅದನ್ನು ಬೇರೆಯವರಿಗೆ ವಹಿಸಿ, ಕೆಲಸವಿಲ್ಲದ ಹಿರಿಯನಾಗಿ ಕೂತಿರುವ ನನ್ನನ್ನು ನಮ್ಮ ಸಮಾಜದವರು ಮದುವೆಗಳಲ್ಲಿ ಎರಡು ಹಿತನುಡಿ ಹೇಳಲು ಕರೆಯುತ್ತಾರೆ. ಅಕ್ಕಿಕಾಳು ಬೀಳುವ ಮುಂಚೆ ಮೈಕು ಹಿಡಿದು ನಾನು ಹೇಳುವುದು ಈ ಕಪ್ಪು-ಬಸಿಯ ಕತೆಯನ್ನೇ. "ಒಂದು ಕಪ್ಪು, ಒಂದು ಬಸಿ, ಎರಡು ಜೀವ, ಇದೇ ದಾಂಪತ್ಯ" ಎಂದಾಗ ಮುಂದಿನ ಸಾಲಿನವರು ತಲೆದೂಗುತ್ತಾರೆ, ಹಿಂದಿನ ಸಾಲಿನವರು ಊಟದ ಪಂಕ್ತಿಯ ಕಡೆ ನೋಡುತ್ತಾರೆ. ಎಷ್ಟು ಜೋಡಿಗಳು ನನ್ನ ಈ ಉಪದೇಶ ಕೇಳಿ ಸಂಸಾರಕ್ಕೆ ಇಳಿದಿವೆಯೋ ಲೆಕ್ಕವಿಟ್ಟಿಲ್ಲ.

ಇಂಥ ಉಪದೇಶಕನ ಮನೆಯಲ್ಲಿ ಕಳೆದ ಬೇಸಿಗೆಯಿಂದ ಎಂಟು ತಿಂಗಳು ಬಸಿ ಮಗುಚಿಕೊಂಡೇ ಇತ್ತು. ಸುನಂದಾ ಚಹಾ ಬಿಟ್ಟಿದ್ದಳು. ಬಿಟ್ಟದ್ದು ವೈದ್ಯರ ಮಾತಿಗಲ್ಲ, ನನ್ನ ಮೇಲಿನ ಸಿಟ್ಟಿಗೆ. ಬಿಡಿಸಿದ್ದು ಒಂದು ಮುಳ್ಳಿನ ಮೊಗ್ಗು. ಆ ಮೊಗ್ಗು ನಮ್ಮ ಸೀಮೆಯದೂ ಅಲ್ಲ, ಗ್ರೀಸ್ ದೇಶದ ಕಾಡು ಆರ್ಟಿಚೋಕ್.

ನಾವು ಜೈನರು ಪ್ರವಾಸ ಹೋಗುವ ರೀತಿಯನ್ನು ನೀವು ನೋಡಿದ್ದೀರೋ ಇಲ್ಲವೋ. ನಲವತ್ತು ಜನ ಹೊರಟರೆ ನಲವತ್ತೊಂದನೆಯವನು ಅಡಿಗೆಯವನು. ಅವನ ಜೊತೆ ಪಾತ್ರೆ, ಒಲೆ, ಕಡಲೆಹಿಟ್ಟು, ಜೋಳದ ಹಿಟ್ಟು, ಶೇಂಗಾಚಟ್ನಿಯ ಡಬ್ಬಗಳು. ನಾವು ಗ್ರೀಸಿಗೆ ಹೋದದ್ದೂ ಹೀಗೆಯೇ. ಹಳೆಯ ಕಂಬಗಳ ಎದುರು ನಿಂತು ಫೋಟೋ ತೆಗೆಸಿಕೊಂಡೆವು, ಕಂಬಗಳ ಹಿಂದೆ ಕೂತು ಜುಣಕ-ಭಾಕರಿ ತಿಂದೆವು. ಕಣ್ಣಿಗೆ ಮಾತ್ರ ಪರದೇಶ, ನಾಲಿಗೆ ನಮ್ಮೂರ ಪಕ್ಕದ ಕೊರೋಚಿಯ ಗಡಿ ದಾಟಲಿಲ್ಲ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಂಟೂವರೆಗೆ. ಹೊತ್ತು ಮುಳುಗುವುದರೊಳಗೆ ಉಣ್ಣಬೇಕಾದ ನಮ್ಮಂಥವರಿಗೆ ಹೇಳಿ ಮಾಡಿಸಿದ ದೇಶ ಎಂದು ಬಸ್ಸಿನಲ್ಲಿ ಎಲ್ಲರೂ ಮೆಚ್ಚಿಕೊಂಡರು. ಆ ದೇಶದ ಬಗ್ಗೆ ನಾವು ಮೆಚ್ಚಿದ್ದು ಬಹುಮಟ್ಟಿಗೆ ಅದೊಂದನ್ನೇ.

ಒಂದು ದಿನ ಯಾವುದೋ ದ್ವೀಪದ ಗುಡ್ಡದ ಹಳ್ಳಿಯಲ್ಲಿ ಬಸ್ಸು ನಿಂತಿತು. ಅಡಿಗೆಯವನಿಗೆ ಬೇಳೆ ಬೇಯಿಸಲು ಗಾಳಿಯಿಲ್ಲದ ಮೂಲೆ ಬೇಕಾಗಿತ್ತು. ಒಬ್ಬ ಮುದುಕಿ ತನ್ನ ಅಂಗಳವನ್ನೇ ತೋರಿಸಿದಳು. ಆ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಅವಳೂ ಅವಳ ಗಂಡನೂ ಎದುರುಬದರು ಕೂತು, ನಡುವೆ ಒಂದು ಗೋಣಿ ತುಂಬ ಮುಳ್ಳು ಸುರಿದುಕೊಂಡಿದ್ದರು. ಸುಮ್ಮನೆ ಮುಳ್ಳು ಎಂದರೆ ಸಾಲದು. ನಿಂಬೆಗಿಂತ ತುಸು ದೊಡ್ಡ, ನೇರಳೆ ಛಾಯೆಯ ಹಸಿರು ಮೊಗ್ಗುಗಳು. ಮೀನಿನ ಹುರುಪೆಯಂತೆ ಎಸಳ ಮೇಲೆ ಎಸಳು. ಪ್ರತಿ ಎಸಳ ತುದಿಗೆ ದಬ್ಬಣದಂಥ ಮುಳ್ಳು. ಮುದುಕಿ ತೊಟ್ಟು ಹಿಡಿದು ಹೊರಗಿನ ಎಸಳುಗಳನ್ನು ಒಂದೊಂದಾಗಿ ಕೆಳಕ್ಕೆ ಮುರಿಯುವಳು, ತುದಿಯನ್ನು ಚಾಕುವಿನಿಂದ ಹಾರಿಸುವಳು, ನಡುವಿನ ನವಿರು ಕೂದಲನ್ನು ಚಮಚದಿಂದ ಕೆರೆದು ತೆಗೆಯುವಳು. ಕೊನೆಗೆ ಉಳಿಯುವ, ಎಂಟಾಣೆ ನಾಣ್ಯದಷ್ಟಗಲದ ಬಿಳಿಯ ಬಿಲ್ಲೆಗೆ ನಿಂಬೆಹೋಳು ಉಜ್ಜಿ ನಿಂಬೆನೀರಿಗೆ ಹಾಕುವಳು. ಉಜ್ಜದಿದ್ದರೆ ಕಣ್ಣೆದುರೇ ಅದು ಕಪ್ಪಾಗುತ್ತಿತ್ತು. ಗೋಣಿಯಷ್ಟು ಕಸ, ಬೊಗಸೆಯಷ್ಟು ತಿನಿಸು. ವ್ಯಾಪಾರದ ಕಣ್ಣಿಂದ ನೋಡಿದ ನನಗೆ ಇದು ಶುದ್ಧ ನಷ್ಟದ ಧಂದೆ ಎನಿಸಿತು.

ಸುನಂದಾ ಯಾರನ್ನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುದುಕಿಯ ಪಕ್ಕ ಕೂತುಬಿಟ್ಟಳು. ಇವಳ ಕನ್ನಡ ಅವಳಿಗೆ ಬರುವುದಿಲ್ಲ, ಅವಳ ಗ್ರೀಕು ಇವಳಿಗೆ ಬರುವುದಿಲ್ಲ. ಮುದುಕಿ ಇವಳ ಬೆರಳು ಹಿಡಿದು ತೊಟ್ಟಿನ ಸರಿಯಾದ ಜಾಗದ ಮೇಲೆ ಇಟ್ಟಳು, ಇವಳು ಮುರಿದಳು, ಅವಳು ನಕ್ಕಳು. ಎರಡು ತಾಸು ಇಬ್ಬರೂ ಅವರವರ ಭಾಷೆಯಲ್ಲಿ ಅದೇನೇನೋ ಮಾತಾಡಿಕೊಂಡರು. ಮನೆಯಲ್ಲಿ ಇವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ, ಅಥವಾ ಮಗ್ಗದ ಖಟಖಟದಲ್ಲಿ ಕೇಳಿಸಿಲ್ಲ. ಸುನಂದಾಳ ಬೆರಳುಗಳಿಂದ ರಕ್ತ ಜಿನುಗುತ್ತಿದ್ದುದು ನನಗೂ ಕಂಡಿತ್ತು. ಆದರೆ ಆಗ ನಾನು ಅಡಿಗೆಯವನ ಬೇಳೆಯಲ್ಲಿ ಉಪ್ಪು ಸರಿಯಿದೆಯೇ ಎಂದು ಪರೀಕ್ಷಿಸುತ್ತಿದ್ದೆ.

ಮುದುಕಿ ಆ ಬಿಲ್ಲೆಗಳನ್ನು ಆಲಿವ್ ಎಣ್ಣೆಯಲ್ಲಿ ಬಾಡಿಸಿ, ನಮ್ಮ ಅವರೆಯನ್ನು ಹೋಲುವ ದಪ್ಪ ಹಸಿಕಾಳು ಸೇರಿಸಿ, ಮೇಲೆ ಹಿಡಿಗಟ್ಟಲೆ ಸಬ್ಬಸಿಗೆ ಉದುರಿಸಿ, ನಿಂಬೆ ಹಿಂಡಿ ಮುಚ್ಚಿಟ್ಟಳು. ಈರುಳ್ಳಿ ಹೆಚ್ಚಲು ಹೋದಾಗ ಸುನಂದಾ ಕೈಸನ್ನೆಯಲ್ಲಿ ಬೇಡವೆಂದಳು. ಮುದುಕಿ ಕಾರಣ ಕೇಳದೆ ಈರುಳ್ಳಿಯನ್ನು ಬುಟ್ಟಿಗೆ ಹಾಕಿದಳು. ಸಬ್ಬಸಿಗೆಯ ವಾಸನೆಗೆ ನಮ್ಮ ಇಡೀ ಬಸ್ಸು ಊರಿನ ನೆನಪಾಗಿ ನಿಟ್ಟುಸಿರುಬಿಟ್ಟಿತು. ಆಮೇಲೆ ಅವಳು ಒಂದು ತಟ್ಟೆ ತುಂಬಿ, ಎರಡೂ ಕೈಯಲ್ಲಿ ಹಿಡಿದು, ಮೊದಲು ಸುನಂದಾಳ ಮುಂದೆ ಬಂದು ನಿಂತಳು. ಸುನಂದಾ ಕೈಚಾಚಿದಳು. ಆಗ ನಾನು ನಡುವೆ ಬಂದೆ.

ನಮ್ಮಲ್ಲಿ ತಿನ್ನಬಾರದ ಇಪ್ಪತ್ತೆರಡು ವಸ್ತುಗಳ ಪಟ್ಟಿಯಿದೆ. ಅದರಲ್ಲಿ ಒಂದು ಅಜಾನಫಲ, ಅಂದರೆ ಹೆಸರು-ಗುಣ ಗೊತ್ತಿಲ್ಲದ ಫಲ. ಕಾಡಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ಸಾಯಬಾರದೆಂದು ಹಿರಿಯರು ಮಾಡಿದ ಒಳ್ಳೆಯ ನಿಯಮ. ನಲವತ್ತು ಜನರ ಎದುರು ಪಾಂಡಿತ್ಯ ತೋರಿಸುವ ಅವಕಾಶ ಬಂದಾಗ ನಿಯಮಕ್ಕೆ ಎಂಥ ತೂಕ ಬರುತ್ತದೆ ಎಂಬುದು ನಿಮಗೂ ಗೊತ್ತು. ಮಗ್ಗದ ಸದ್ದಿನ ಊರಿನವರಿಗೆ ಮೆತ್ತಗೆ ಮಾತಾಡಿ ಅಭ್ಯಾಸವಿಲ್ಲ, ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿದೆ: "ಏ ಸುನಂದಾ, ಮುಟ್ಟಬ್ಯಾಡ! ಅದು ಅಜಾನಫಲ ಐತಿ. ಏನು ಅಂತ ಗೊತ್ತಿಲ್ಲದ್ದು ನಮಗ ನಡ್ಯೂದಿಲ್ಲ!" ಅಂದು ತಟ್ಟೆಯನ್ನು ಕೈಯಿಂದ ಹಿಂದಕ್ಕೆ ಸರಿಸಿದೆ. ವಿಮಾನದಲ್ಲಿ 'ಜೈನ ಊಟ' ಎಂಬ ಚೀಟಿ ಅಂಟಿಸಿದ ಡಬ್ಬಿ ಬಂದಾಗ, ಒಳಗಿನ ಹಳದಿ ಮುದ್ದೆ ಯಾವ ಕುಲದ್ದು ಯಾವ ಗೋತ್ರದ್ದು ಎಂದು ಕೇಳದೆ ಎರಡು ಡಬ್ಬಿ ಮುಗಿಸಿದವನು ಇದೇ ನಾನು.

ಮುದುಕಿಗೆ ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಒಳಗೆ ಹೋದಳು. ಅವಳ ಗಂಡ ನನ್ನ ಕಡೆ ನೋಡಲಿಲ್ಲ. ಎದ್ದುಬಂದು ಒಂದು ನಿಂಬೆಹೋಳನ್ನು ಸುನಂದಾಳ ಅಂಗೈಯಲ್ಲಿಟ್ಟು, ಕಪ್ಪಾದ ಬೆರಳುಗಳಿಗೆ ಉಜ್ಜಿಕೋ ಎಂದು ಸನ್ನೆ ಮಾಡಿದ. ಬಸ್ಸು ಹೊರಟಾಗ ಸುನಂದಾ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

"ಎರಡು ತಾಸು ಆಕಿ ಸಂಗಾಟ ಕುಂತು ಬಿಡಿಸೀನ್ರಿ. ಅದು ಏನಂತ ನನಗ ಗೊತ್ತಿತ್ತು. ಗೊತ್ತಿಲ್ಲದವ್ರು ನೀವು. ಮನಿಗಿ ಬಂದವ್ರಿಗಿ ಕೈಯೆತ್ತಿ ಕೊಟ್ಟದ್ದನ್ನ ಹಿಂದಕ ನೂಕಿದ್ರಿ. ಅಂಥಾ ಮುಳ್ಳಿನ ಪಲ್ಲೆ ನಮ್ಮ ಒಲಿ ಮ್ಯಾಲ ಬೆಂದು, ನಾವಿಬ್ರೂ ಉಣ್ಣೂ ತನಕ ನನಗ ಚಹಾ ತ್ಯಾಗ."

ನಮ್ಮಲ್ಲಿ ತ್ಯಾಗ ಎಂಬುದು ಆಟದ ಮಾತಲ್ಲ. ಉಪ್ಪು ಬಿಟ್ಟವರಿದ್ದಾರೆ, ಬೆಲ್ಲ ಬಿಟ್ಟವರಿದ್ದಾರೆ. ಬಿಟ್ಟ ಮೇಲೆ ಮುಗಿಯಿತು. ಊರಿಗೆ ಬಂದು ವಾರವಾಗುವುದರೊಳಗೆ ಸುನಂದಾಬಾಯಿ ಚಹಾ ಬಿಟ್ಟ ಸುದ್ದಿ ಬಸದಿಗೆ ಮುಟ್ಟಿತು, ಆದರೆ ಕಾರಣ ಮುಟ್ಟಲಿಲ್ಲ. ಪರದೇಶ ಕಂಡು ವೈರಾಗ್ಯ ಬಂದಿದೆ ಎಂದು ಹೆಣ್ಣುಮಕ್ಕಳು ತಂಡತಂಡವಾಗಿ ಬಂದು ಕೈಮುಗಿದರು. "ಭಾಳ ಪುಣ್ಯಾತ್ಮ ಇದ್ದಾರ ನೋಡ್ರಿ. ನೀವೇನು ಬಿಟ್ಟೀರಿ, ಅಣ್ಣಾಸಾಹೇಬ್ರ?" ಎಂದು ನನ್ನನ್ನು ಕೇಳಿದರು. ನಾನು ಏನನ್ನೂ ಬಿಟ್ಟಿರಲಿಲ್ಲ. ಬಂದವರಿಗೆಲ್ಲ ಸುನಂದಾ ಚಹಾ ಮಾಡಿ ಕೊಡುತ್ತಿದ್ದಳು, ನನಗೂ ಕೊಡುತ್ತಿದ್ದಳು; ಕಪ್ಪನ್ನು ನನ್ನ ಮುಂದಿಟ್ಟು ಒಳಗೆ ಹೋಗುತ್ತಿದ್ದಳು. ಸುರಿಯಲು ಬಸಿಯಿಲ್ಲದ ಕಪ್ಪಿನಲ್ಲಿ ಚಹಾ ಜಾಸ್ತಿಯಾಗಿ, ಅರ್ಧ ಆರಿಹೋಗಿ, ಕೆನೆಗಟ್ಟುತ್ತಿತ್ತು. ನಿಮ್ಮೆದುರು ಮುಚ್ಚಿಟ್ಟು ಏನಾಗಬೇಕು, ನನಗೆ ಅವಳಿಲ್ಲದ ಆ ಬೆಳಗು ಬಹಳ ಕಷ್ಟವಾಯಿತು. ಅದೇ ದಿನಗಳಲ್ಲಿ ಎರಡು ಮದುವೆಗಳಿಗೆ ಹೋಗಿ ಕಪ್ಪು-ಬಸಿಯ ಭಾಷಣವನ್ನೂ ಮಾಡಿ ಬಂದೆ.

ಸೋಲೊಪ್ಪುವುದಕ್ಕಿಂತ ಸಾಮಾನು ತರುವುದು ಗಂಡಸರಿಗೆ ಸುಲಭ. ಕೊಲ್ಹಾಪುರಕ್ಕೆ ಹೋಗಿ, ಕನ್ನಡಿಯಂತೆ ಹೊಳೆಯುವ ನೆಲದ ದೊಡ್ಡ ಅಂಗಡಿಯೊಂದರಲ್ಲಿ ಹುಡುಕಿದೆ. ಸಿಕ್ಕಿತು, ಗಾಜಿನ ಶೀಶೆಯಲ್ಲಿ, ಉಪ್ಪುನೀರಿನಲ್ಲಿ, ಮುಳ್ಳು ಕಳೆದುಕೊಂಡು, ಶಾಲೆಯ ಪ್ರಯೋಗಾಲಯದ ಜಂತಿನಂತೆ ತೇಲುತ್ತಿತ್ತು. ಚೀಟಿ ಓದಿದರೆ ಬೆಳ್ಳುಳ್ಳಿ. ಅಂಗಡಿಯಾತ ನನ್ನ ಮುಖ ನೋಡಿ ಮರುಕದಿಂದ ಮರಾಠಿಯಲ್ಲಿ ಹೇಳಿದ: "ಕಾಕಾ, ಜೈನ ಪಿಝ್ಝಾ ಆಹೇ, ಜೈನ ಪಾಸ್ತಾ ಆಹೇ, ಜೈನ ಚಾಕಲೇಟಸುದ್ಧಾ ಆಹೇ. ಹೇ ಮಾತ್ರ ಜೈನ ನಾಹೀ." ಜಗತ್ತಿನ ಸಮಸ್ತವೂ ಜೈನವಾಗಿರುವ ಕೊಲ್ಹಾಪುರದಲ್ಲಿ ನನಗೆ ಬೇಕಾದದ್ದೊಂದೇ ಮತಾಂತರಕ್ಕೆ ಒಪ್ಪದೆ ಕೂತಿತ್ತು.

ಆಮೇಲೆ ಜ್ಞಾನಮಾರ್ಗ ಹಿಡಿದೆ. ಅಜಾನಫಲ ದೋಷವಾಗುವುದು ಗೊತ್ತಿಲ್ಲದಿರುವುದರಿಂದ ತಾನೇ? ಹಾಗಾದರೆ ತಿಳಿದುಕೊಂಡುಬಿಟ್ಟರಾಯಿತು. ಫೋನಿನಲ್ಲಿ ಓದಿ ಓದಿ ಅದರ ವಂಶಾವಳಿಯನ್ನೇ ಬಾಯಿಪಾಠ ಮಾಡಿದೆ. ಅದು ನಮ್ಮ ಕುಸುಬೆಯ ದಾಯಾದಿ ಎಂದು ತಿಳಿದು ಕುಣಿಯುವಷ್ಟು ಖುಷಿಯಾಗಿ, ನಮ್ಮ ಬಸದಿಯ ಪಂಡಿತರ ಮುಂದೆ ಹೋಗಿ ಕೂತೆ.

"ಅಣ್ಣಾಸಾಹೇಬ, ನಿಮಗೀಗ ಅದರ ಹೆಸರೂ ಗೊತ್ತಾತು, ಕುಲಾನೂ ಗೊತ್ತಾತು. ಅಜಾನ ಅನ್ನೂ ದೋಷ ಹೋತ್ರಿ" ಎಂದರು ಪಂಡಿತರು.

"ಹಂಗಾದ್ರ ತಿನಬಹುದ್ರಿ?"

"ತಡೀರಿ. ತಿನ್ನೂದು ಚಿಮಟಿಯಷ್ಟು, ಒಗಿಯೂದು ಗೋಣಿಯಷ್ಟು ಅಂದ್ರೆಲ್ಲ. ಅಂಥಾದ್ದು ತುಚ್ಛಫಲ ಆಕ್ಕೈತಿ. ಅದೂ ಇಪ್ಪತ್ತೆರಡರಾಗ ಬರ್ತೈತಿ. ಮ್ಯಾಲ, ಮೊಗ್ಗು ಅಂದ್ರ ಹೂವು. ಹೂವೂ ನಡ್ಯೂದಿಲ್ಲ."

ಗೊತ್ತಿಲ್ಲದಾಗ ಒಂದೇ ದೋಷವಿದ್ದದ್ದು ಗೊತ್ತಾದ ಮೇಲೆ ಎರಡಾಯಿತು. ಪಂಡಿತರು ನನ್ನ ಮುಖ ನೋಡಿ ನಕ್ಕರು. "ಹಿಂಗ್ಯಾಕ ಕುಂತ್ರಿ? ಎಲಿ ತಿನ್ರೆಲ್ಲ, ಎಲಿ! ಕುಸುಬಿ ಎಲಿ ಪಲ್ಲೆ ನಮ್ಮ ಅವ್ವ ಮಾಡ್ತಿದ್ದಳು. ಚಾತುರ್ಮಾಸ ಮುಗೀತೆಲ್ಲ, ಈಗ ಎಲಿಗಿ ಯಾರ ಅಡ್ಡಿ?"

ಎಲೆ ತಿನ್ನಬಾರದ ಚಾತುರ್ಮಾಸ ಮುಗಿದದ್ದೇನೋ ಹೌದು, ಆದರೆ ಕುಸುಬೆ ಎಲ್ಲಿದೆ? ನಮ್ಮ ಕಡೆ ಹೊಲವೆಂದರೆ ಈಗ ಕಬ್ಬು. ದತ್ತವಾಡದವರೆಗೆ ಹೋಗಿ ಬಂದೆ, ಕಬ್ಬಿನ ಗರಿ ಬಿಟ್ಟು ಬೇರೆ ಎಲೆ ಕಾಣಲಿಲ್ಲ. ಕೊನೆಗೆ ನೆನಪಾದವನು ಗಡಹಿಂಗ್ಲಜ ಹತ್ತಿರ ಒಕ್ಕಲುತನ ಮಾಡುವ ಶಿವಗೊಂಡ, ನನ್ನ ಶಾಲೆಯ ಗೆಳೆಯ. ಜನವರಿಯ ಕೊನೆಯಲ್ಲಿ ಎಸ್‌ಟಿ ಬಸ್ಸು ಹತ್ತಿ ಅವನ ಹೊಲಕ್ಕೆ ಹೋದೆ. ಜೋಳದ ಸುತ್ತ ನಾಲ್ಕು ಸಾಲು ಕುಸುಬೆ ನಿಂತಿತ್ತು.

"ದನ ಒಳಗ ಬರಬಾರದಂತ ಬೇಲಿಗಿ ಹಾಕೇನಿ ಮಾರಾಯ. ಹೋದ ತಿಂಗಳ ಬಂದಿದ್ರ ಎಳೀ ಎಲಿ ಸಿಗ್ತಿದ್ದು. ಈಗ ನೋಡು, ಎಲ್ಲಾ ಮುಳ್ಳ ಬಂದಾವ. ದನಾನೂ ಮೂಸೂದಿಲ್ಲ" ಎಂದ ಶಿವಗೊಂಡ.

"ಮುಳ್ಳ ಬಂದದ್ದ ಬೇಕಾಗೇತಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ವೈನಿ ಜೋಡಿ ಜಗಳ ಮಾಡ್ಕೊಂಡಿಯೇನು?"

"ಎಂಟು ತಿಂಗಳಾತು" ಎಂದೆ. ಅವನು ಕುಡಗೋಲು ತಂದುಕೊಟ್ಟ.

ಗೋಣಿಚೀಲ ತುಂಬಿಕೊಂಡು ಬರುವಾಗ ಬಸ್ಸಿನಲ್ಲಿ ಪಕ್ಕದವರ ಕಾಲಿಗೆ ಚುಚ್ಚಿ, ಕಂಡಕ್ಟರ್ "ಅಹೋ ಕಾಕಾ, ಕಾಯ ಆಹೇ ಹ್ಯಾತ?" ಎಂದು ಚೀಲ ತೋರಿಸಿ ರೇಗಿದ. "ಭಾಜಿ", ಅಂದರೆ ಪಲ್ಲೆ, ಎಂದೆ. ಯಾರೂ ನಂಬಲಿಲ್ಲ. ಮನೆಗೆ ಬಂದು ಹಿತ್ತಲಲ್ಲಿ ಸುರಿದೆ. ಸುನಂದಾ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಮಣೆ ಹಾಕಿಕೊಂಡು ಬಿಡಿಸಲು ನಾನೇ ಕೂತೆ.

ಗೆಳೆಯರೇ, ಮುಳ್ಳು ಬಿಡಿಸುವ ವಿದ್ಯೆಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಮಧ್ಯಾಹ್ನ. ಎಲೆಯ ಎರಡೂ ಅಂಚಿಗೆ ಸಾಲುಮುಳ್ಳು, ತುದಿಗೊಂದು ನಾಯಕಮುಳ್ಳು. ಅಂಚನ್ನು ಕತ್ತರಿಯಿಂದ ಸವರಿ, ನಡುವಿನ ಎಲೆಯನ್ನಷ್ಟೇ ಉಳಿಸಿಕೊಂಡು, ದಂಟಿನ ಸಿಪ್ಪೆ ಸುಲಿಯಬೇಕು. ಒಂದು ಎಲೆಗೆ ಎರಡು ಸಲ ಚುಚ್ಚಿಸಿಕೊಂಡು ಅರ್ಧ ತಾಸಿನಲ್ಲಿ ಹಿಡಿಯಷ್ಟು ಮಾಡಿದೆ. ಇಪ್ಪತ್ತೆರಡು ನಿಷೇಧಗಳನ್ನು ಉಸಿರು ಬಿಡದೆ ಹೇಳಬಲ್ಲ ನನಗೆ, ನಲವತ್ತು ವರ್ಷ ತಿಂದ ಸೊಪ್ಪಿನಲ್ಲಿ ಯಾವುದನ್ನು ಹೇಗೆ ಸೋಸುತ್ತಾರೆ ಎಂಬುದೊಂದೂ ಗೊತ್ತಿರಲಿಲ್ಲ. ಊಟ ಎನ್ನುವುದು ತಟ್ಟೆಯಲ್ಲಿ ಹುಟ್ಟುತ್ತದೆ ಎಂದೇ ನಾನು ನಂಬಿದ್ದೆ. ಯಾವುದು ತಿನ್ನಬಾರದು ಎಂದು ನಿರ್ಧರಿಸುವ ಅಧಿಕಾರವೆಲ್ಲ ಕೂತು ಉಣ್ಣುವವರದು, ಚುಚ್ಚಿಸಿಕೊಳ್ಳುವ ಕೆಲಸವೆಲ್ಲ ಬಡಿಸುವವರದು. ಇಂಥ ಅನುಕೂಲದ ಧರ್ಮವನ್ನು ಗಂಡಸರು ಸುಲಭಕ್ಕೆ ಬಿಡುವವರಲ್ಲ. ಆ ಗುಡ್ಡದ ಹಳ್ಳಿಯ ಮುದುಕ, ಮಾತಿಲ್ಲದೆ ಹೆಂಡತಿಯ ಎದುರು ಕೂತು ಎಸಳು ಮುರಿಯುತ್ತಿದ್ದವನು, ನೆನಪಾದ. ನನಗೆ ನಿಜವಾಗಿ ನಾಚಿಕೆಯಾಯಿತು.

ಎಷ್ಟು ಹೊತ್ತಿಗೋ ಪಕ್ಕದಲ್ಲಿ ಇನ್ನೊಂದು ಮಣೆ ಬಂತು. "ಹಂಗ ಹಿಡೀಬ್ಯಾಡ್ರಿ. ಬುಡಕ್ಕ ಹಿಡೀರಿ, ತುದಿ ನಿಮ್ಮ ಕಡಿ ಬ್ಯಾಡ" ಎಂದು ಸುನಂದಾ ನನ್ನ ಬೆರಳನ್ನು ಸರಿಯಾದ ಜಾಗದ ಮೇಲೆ ಇಟ್ಟಳು. ನಾವಿಬ್ಬರೂ ಕೂತು ಬಿಡಿಸಿದೆವು. ಗೋಣಿಯಷ್ಟರಲ್ಲಿ ಒಂದು ಬುಟ್ಟಿಯಾಯಿತು.

ಅವಳು ಕುದಿನೀರಲ್ಲಿ ಎಲೆಯ ಕಹಿ ತೆಗೆದು, ಹಸಿ ಅವರೆಕಾಳು ಹಾಕಿ, ಸಬ್ಬಸಿಗೆ ಉದುರಿಸಿ, ಕೊನೆಗೆ ನಿಂಬೆ ಹಿಂಡಿದಳು. ಆಲಿವ್ ಎಣ್ಣೆಯ ಬದಲು ಕುಸುಬೆಯೆಣ್ಣೆ. ದಾಯಾದಿಯ ಮನೆಯಲ್ಲಿ ದಾಯಾದಿಯ ಪದ್ಧತಿ. ಹಿಂಡಿ ಉಳಿದ ಹೋಳನ್ನು ಒಗೆಯದೆ ನನ್ನ ಅಂಗೈಯಲ್ಲಿಟ್ಟಳು. ನನ್ನ ಬೆರಳುಗಳ ತುಂಬ ಸೊಪ್ಪಿನ ಕಲೆ. ಉಜ್ಜಿಕೊಂಡೆ, ಚುಚ್ಚಿದಲ್ಲೆಲ್ಲ ಚುರುಗುಟ್ಟಿ ಕಣ್ಣಲ್ಲಿ ನೀರು ಬಂತು. ನಿಂಬೆಯ ಉರಿಗೇ ಬಂತು ಎಂದು ನಾನು ಹೇಳಿದರೆ ನೀವೂ ನಂಬಬೇಡಿ.

ಪಲ್ಲೆ ತುಸು ಕಹಿ, ತುಸು ಹುಳಿ, ಅಲ್ಲಲ್ಲಿ ತಪ್ಪಿಸಿಕೊಂಡ ಮುಳ್ಳು. ತಪ್ಪಿಸಿಕೊಂಡವೆಲ್ಲ ನಾನು ಬಿಡಿಸಿದ ಎಲೆಯವು. ಸುನಂದಾ ಮೊದಲ ತುತ್ತು ಬಾಯಲ್ಲಿಟ್ಟು ನಿಧಾನವಾಗಿ ಅಗಿದಳು. "ಆಕಿ ಮಾಡಿದ್ದು ಹೆಂಗಿತ್ತೋ ಏನೋ" ಎಂದಳು. ಆ ತಟ್ಟೆ ಇನ್ನೆಂದೂ ನಮ್ಮ ಮುಂದೆ ಬರುವುದಿಲ್ಲ. "ನಂದು ತಪ್ಪಾತು" ಎಂದೆ, ಈ ಸಲ ಮೆತ್ತಗೆ. ಪಕ್ಕದ ಷೆಡ್ಡಿನ ಖಟಖಟದಲ್ಲೂ ಅವಳಿಗೆ ಅದು ಕೇಳಿಸಿತು.

ಮರುದಿನ ಬೆಳಿಗ್ಗೆ ಚಹಾ ನಾನೇ ಮಾಡಿದೆ. ಬಸಿಯನ್ನು ತೊಳೆದು, ಕಪ್ಪನ್ನು ಅವಳ ಮುಂದಿಟ್ಟೆ. ಅವಳು ಅದರಿಂದ ಒಂದಿಷ್ಟು ಬಸಿಗೆ ಸುರಿದು ನನ್ನ ಕಡೆ ಸರಿಸಿದಳು. ಎತ್ತಿ ಬಾಯಿಗಿಟ್ಟೆ, ತುಟಿಗೆ ಚುಚ್ಚಿತು. ಬೆಳಕಿಗೆ ಹಿಡಿದು ನೋಡಿದರೆ ಬಸಿಯ ಅಂಚು ಒಂದು ಕಡೆ ಕಡಲೆಕಾಳಿನಷ್ಟು ಒಡೆದು ಹಲ್ಲಿನಂತೆ ನಿಂತಿದೆ.

"ಇದು ಯಾವಾಗ ಒಡೀತು?"

"ಕಲ್ಲಿನ ಮ್ಯಾಲ ಆ ಎರಡು ಒಡದ್ವೆಲ್ಲ, ಅವತ್ತ" ಎಂದಳು ಸುನಂದಾ. "ಹಿಂಗ ತಿರುಗಿಸಿ ಈ ಕಡಿಂದ ಕುಡೀಬೇಕ್ರಿ. ನಿಮಗ ಗೊತ್ತಿಲ್ಲೇನು?"

ಎಷ್ಟು ಮದುವೆಗಳ ಮೈಕುಗಳು ನೆನಪಾದವೋ. "ಇವತ್ತ ಪೇಟಿಗಿ ಹೋಗಿ ಹೊಸಾ ಜೋಡಿ ತರ್ತೇನಿ" ಎಂದು ಎದ್ದೆ. ಅವಳು ನೀಲಿ ಬಳ್ಳಿಯ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಎಂಟು ತಿಂಗಳ ಮೇಲೆ ಮೊದಲ ಗುಟುಕು ಕುಡಿದು, ನಿಧಾನವಾಗಿ ಹೇಳಿದಳು:

"ಅವಸರ ಯಾಕ್ರಿ? ನಲವತ್ತು ವರ್ಷ ಅದರಾಗ ನೀವು ಕುಡೀರಿ. ಆಮ್ಯಾಲ ತರೂಣು."